ಮಂಗಳವಾರದ ಲಾರಿ

ನಮ್ಮ ಔಷಧಿ ಅಂಗಡಿಯ ಹಿಂದಿನ ಗೋಡೆಯಲ್ಲಿ, ಬಿ.ಪಿ. ನೋಡುವ ಕುರ್ಚಿಯ ಮೇಲುಗಡೆ, ಒಂಬತ್ತು ಫೋಟೋಗಳಿವೆ. ಆರ್ಡಿಸ್ ಟ್ವೇಟ್ ಒಬ್ಬೊಬ್ಬರನ್ನೇ ಒಂದೊಂದು ವರ್ಷ ಇಟ್ಟುಕೊಂಡು, ತಿದ್ದಿ ತೀಡಿ ಕಳಿಸಿದ ರೆಸಿಡೆಂಟುಗಳು ಅವರು. ಜುಲೈ ಒಂದಕ್ಕೆ ಬರುತ್ತಾರೆ, ಮರುವರ್ಷ ಜೂನ್ ಮೂವತ್ತಕ್ಕೆ ಹೋಗುತ್ತಾರೆ. ಬರುವಾಗಲೇ ಫಾರ್ಮಸಿ ಪದವಿ ಇರುತ್ತದೆ, ಲೈಸೆನ್ಸ್ ಇರುತ್ತದೆ, ಬೇಕೆಂದರೆ ಮರುದಿನವೇ ಎಲ್ಲಿಯಾದರೂ ಕೆಲಸಕ್ಕೆ ಸೇರಬಹುದು. ಆದರೂ ಊರಿನ ಔಷಧಿ ಅಂಗಡಿಯೊಂದರಲ್ಲಿ ಇನ್ನೊಂದು ವರ್ಷ ಕಲಿಯಬೇಕೆಂಬ ಹಟ ಕೆಲವರಿಗೆ. ಅಂಥವರನ್ನು ವಿಶ್ವವಿದ್ಯಾಲಯದವರು ಅಯೋವಾ ರಾಜ್ಯದ ಈ ಮೂಲೆಗೆ, ನಮ್ಮ ಬೆಲ್ಡನ್ ಊರಿಗೆ, ಕಳಿಸುತ್ತಿದ್ದರು.

ಒಂಬತ್ತು ಫೋಟೋ ಆದಮೇಲೆ ಒಂದು ಬರೀ ಮೊಳೆ ಇದೆ. ಅದು ಕೋರಾ ಪ್ಲಾಚಿಯ ಮೊಳೆ. ಅವಳ ಕಥೆ ಹೇಳುತ್ತೇನೆ. ಅದರಲ್ಲಿ ನನ್ನ ಪಾಪವೂ ಸ್ವಲ್ಪ ಇದೆ. ಸ್ವಲ್ಪವೇನು ಬಂತು, ಮುಕ್ಕಾಲು ಪಾಲು ನನ್ನದೇ.

ನಾನು ವರ್ನಾ ಹೌಗೆನ್. ಆಗ ಈ ಅಂಗಡಿಯಲ್ಲಿ ಮಾತ್ರೆ ಎಣಿಸಲು ನಿಂತು ಮೂವತ್ನಾಲ್ಕು ವರ್ಷವಾಗಿತ್ತು. ತಟ್ಟೆಯ ಮೇಲೆ ಸುರಿದು, ಚಪ್ಪಟೆ ಕಡ್ಡಿಯಿಂದ ಐದೈದಾಗಿ ಎಳೆದು ಬಾಟಲಿಗೆ ತುಂಬುವುದು ನನ್ನ ಕೆಲಸ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆರ್ಡಿಸ್ ಅಂಗಡಿಯ ಒಡತಿ, ನನಗಿಂತ ಒಂಬತ್ತು ವರ್ಷ ದೊಡ್ಡವಳು. ಯಾರು ಏನು ಕೇಳಿದರೂ ನೆಟ್ಟಗೆ ಉತ್ತರ ಕೊಡುವ ಹೆಂಗಸಲ್ಲ. ಕಲಿಯಲು ಬಂದವರು ಕೇಳಿದರೆ, "ಕಣ್ಣಿದೆಯಲ್ಲ, ನೋಡು" ಎನ್ನುವಳು. ವರ್ಷ ಮುಗಿಯುವ ವಾರ ಒಂದೇ ಒಂದು ಪ್ರಶ್ನೆ ಕೇಳುವಳು: "ಈ ಅಂಗಡಿಗೆ ಔಷಧಿಗಲ್ಲದೆ ಬೇರೆ ಯಾತಕ್ಕೋ ಬರೋರು ಯಾರು?" ಒಬ್ಬ ಹುಡುಗ, "ಲಾಟರಿ ಚೀಟಿಗೆ ಬರೋರು" ಎಂದಿದ್ದ. ಅವನ ಫೋಟೋವನ್ನೂ ಹಾಕಿದ್ದಾಳೆ, ಆದರೆ ಬಾಗಿಲ ಮರೆಯಲ್ಲಿ.

ಕೋರಾ ಬಂದದ್ದು ಸೀಡರ್ ರ‍್ಯಾಪಿಡ್ಸಿನಿಂದ. ಇಪ್ಪತ್ತಾರು ವರ್ಷ, ಕಡ್ಡಿಯಂಥ ಮೈ, ಹೊಚ್ಚ ಹೊಸ ಬಿಳಿ ಕೋಟು. ಬಂದ ಮೂರನೇ ದಿನವೇ ನನ್ನ ಡ್ರಾಯರನ್ನು ತೆಗೆದು, ಕ್ರಮವಾಗಿ ಜೋಡಿಸಿ, ಒಂದೊಂದಕ್ಕೂ ಚೀಟಿ ಅಂಟಿಸಿದಳು. ನನ್ನ ಕತ್ತರಿ ಸಿಗಲು ಎರಡು ದಿನ ಹಿಡಿಯಿತು. "ವರ್ನಾ, ಹೀಗಿದ್ರೆ ಯಾರು ಬಂದ್ರೂ ಹುಡುಕ್ಕೋಬಹುದು" ಎಂದಳು. "ಇಲ್ಲಿ ಯಾರೂ ಬರಲ್ಲಮ್ಮ, ನಾನೇ ಇರೋದು" ಎಂದೆ.

ಆದರೂ ಸುಳ್ಳು ಹೇಳಬಾರದು, ಹುಡುಗಿ ಕೆಲಸದಲ್ಲಿ ಚುರುಕು. ಜನರ ಮನೆಗೆ ಹೋಗಿ ಅಡುಗೆಮನೆಯಲ್ಲಿ ಕೂತು, ಯಾವ ಮಾತ್ರೆ ಯಾಕೆ ಎಂದು ತಿಳಿಸಿ ಹೇಳುತ್ತಿದ್ದಳು. ಒಬ್ಬಾಕೆ ಇನ್ಸುಲಿನ್ನನ್ನು ಐಸ್‌ಕ್ರೀಮಿನ ಪಕ್ಕ ಹೆಪ್ಪುಗಟ್ಟಿಸಿಕೊಂಡು ಚುಚ್ಚಿಕೊಳ್ಳುತ್ತಿದ್ದದ್ದನ್ನು ಕಂಡುಹಿಡಿದದ್ದು ಇವಳೇ. ರೆಸಿಡೆಂಟುಗಳೆಲ್ಲ ವರ್ಷದಲ್ಲಿ ಒಂದು ಪ್ರಾಜೆಕ್ಟ್ ಮಾಡಬೇಕು, ಮೇ ತಿಂಗಳಲ್ಲಿ ದೊಡ್ಡವರ ಮುಂದೆ ನಿಂತು ಒಪ್ಪಿಸಬೇಕು. ಕೋರಾಳದ್ದು ಹೀಗೆ: ಒಬ್ಬ ಮನುಷ್ಯನ ಔಷಧಿಗಳೆಲ್ಲ ಒಂದೇ ದಿನ ಸಿಗುವ ಹಾಗೆ ಹೊಂದಿಸುವುದು, ಮೂರು ತಿಂಗಳಿಗೆ ಒಂದೇ ಚೀಲ. ಪದೇ ಪದೇ ಓಡಾಡುವುದು ತಪ್ಪುತ್ತದೆ, ನಡುವೆ ಮಾತ್ರೆ ಮುಗಿದು ನಿಲ್ಲುವುದೂ ತಪ್ಪುತ್ತದೆ. ಮಾರ್ಚ್ ಹೊತ್ತಿಗೆ ಐವತ್ತೊಂಬತ್ತು ಜನರನ್ನು ಹೊಂದಿಸಿದ್ದಳು. ಅರವತ್ತಾದರೆ ಸಾಕು ಎನ್ನುತ್ತಿದ್ದಳು.

ಆ ಅರವತ್ತನೆಯವನೇ ಡೆಲ್ಬರ್ಟ್ ರಾಸ್ಕ್.

ಡೆಲ್ಬರ್ಟ್ ನಲವತ್ತು ವರ್ಷ ಈ ಊರಿನ ಶಾಲಾ ಬಸ್ಸು ಓಡಿಸಿದವನು. ನನ್ನ ಇಬ್ಬರು ಮಕ್ಕಳೂ ಅದೇ ಬಸ್ಸಿನಲ್ಲಿ ಹೋದವರು. ಒಂದು ನಿಮಿಷ ಹಿಂದೆ ಮುಂದೆ ಆದವನಲ್ಲ. ಅವನ ಬಸ್ಸು ನೋಡಿ ಜನ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಚಿಕ್ಕವರನ್ನೆಲ್ಲ "ಮಗು" ಎಂದೇ ಕರೆಯುತ್ತಿದ್ದ. ಕೋರಾ ಬರುವ ಹಿಂದಿನ ಮೇ ತಿಂಗಳಲ್ಲಿ ಅವನ ಹೆಂಡತಿ ಲವಾನ್ ತೀರಿಕೊಂಡಳು. ಮಕ್ಕಳಿರಲಿಲ್ಲ. ನಮ್ಮಲ್ಲಿ ಸಾವಿನ ಮನೆಗೆ ಊಟ ಹೋಗುತ್ತದೆ, ಓವನ್ನಿನಲ್ಲಿಡುವ ಗಾಜಿನ ಪಾತ್ರೆಯಲ್ಲಿ ಆಲೂಗಡ್ಡೆ, ಮಾಂಸ, ಮೇಲೊಂದು ಪದರ ಚೀಸು. ಪಾತ್ರೆಯ ತಳಕ್ಕೆ ಟೇಪು ಅಂಟಿಸಿ ಹೆಸರು ಬರೆದಿರುತ್ತೇವೆ. ಸಾವಿನ ಮನೆಗೆ ಹೋದ ಪಾತ್ರೆಯನ್ನು ಕೇಳಿ ತರಿಸಿಕೊಳ್ಳುವ ಹಾಗಿಲ್ಲ. ಅದು ಬಂದಾಗ ಬಂತು. ಡೆಲ್ಬರ್ಟನ ಮನೆಗೆ ಹತ್ತೊಂಬತ್ತು ಪಾತ್ರೆ ಹೋಗಿದ್ದವು, ಒಂದೂ ಹಿಂದಿರುಗಿರಲಿಲ್ಲ.

ಶವಸಂಸ್ಕಾರವಾಗಿ ಮೂರು ವಾರಕ್ಕೆ ಅವನು ಅಂಗಡಿಗೆ ಬಂದ. ಹೃದಯದ ಮಾತ್ರೆ, ನಿದ್ದೆಯ ಮಾತ್ರೆ, ಇನ್ನೂ ಏನೇನೋ ಇದ್ದವು. ಆರ್ಡಿಸ್ ಚೀಲ ಕೊಡುವಾಗ, ಹವಾಮಾನ ಕೇಳಿದ ಹಾಗೆ ಕೇಳಿದ: "ಇದನ್ನೆಲ್ಲ ಒಂದೇ ಸಲ ನುಂಗಿದ್ರೆ ಏನಾಗುತ್ತೆ ಆರ್ಡಿಸ್?" ಆಮೇಲೆ ನಕ್ಕ. ಆರ್ಡಿಸ್ ನಗಲಿಲ್ಲ. ಚೀಲವನ್ನು ಕೌಂಟರಿನಿಂದ ಹಿಂದಕ್ಕೆ ತೆಗೆದುಕೊಂಡು ಒಳಗೆ ಹೋಗಿ, ಏಳು ದಿನದ್ದು ಮಾತ್ರ ಉಳಿಸಿ ತಂದಳು. "ಲಾರಿ ಸರಿಯಾಗಿ ಬರ್ತಿಲ್ಲ, ಮಾಲು ಕಮ್ಮಿ. ಮಂಗಳವಾರ ಬಾ, ಇನ್ನೊಂದು ವಾರದ್ದು ಕೊಡ್ತೀನಿ" ಎಂದಳು.

ಅವತ್ತಿನಿಂದ ಪ್ರತಿ ಮಂಗಳವಾರ ಹತ್ತು ಗಂಟೆ ಹತ್ತು ನಿಮಿಷಕ್ಕೆ ಬಾಗಿಲ ಗಂಟೆ ಬಾರಿಸುತ್ತಿತ್ತು. "ಲಾರಿ ಬಂತಾ?" ಎನ್ನುವನು. "ಎಲ್ಲಿ ಬರುತ್ತೆ, ಒಂದು ವಾರದ್ದೇ ಇದೆ" ಎನ್ನುವಳು ಆರ್ಡಿಸ್. ಐದು ನಿಮಿಷ ಮಾತು, ಒಂದು ಬಿ.ಪಿ., ಏಳು ದಿನದ ಮಾತ್ರೆ. ಡಾಕ್ಟರ ಹತ್ತಿರವೂ ಪಾದ್ರಿಯ ಹತ್ತಿರವೂ ಅವಳು ಗುಟ್ಟಾಗಿ ಮಾತಾಡಿದ್ದಳು. ಅವರು ಕೇಳಿದರೆ ಇವನು "ನಾನು ಚೆನ್ನಾಗೇ ಇದೀನಿ" ಎಂದನಂತೆ. ಕಂಪ್ಯೂಟರಿನಲ್ಲಿ ಮಾತ್ರ ಅವಳು ಒಂದಕ್ಷರ ಬರೆಯಲಿಲ್ಲ. "ಬರೆದ್ರೆ ಡಾಕ್ಟರ ಕ್ಲಿನಿಕ್ಕಿನಲ್ಲೂ ಕಾಣುತ್ತೆ, ಅಲ್ಲಿ ಕೆಲಸ ಮಾಡೋ ಅವನ ತಂಗಿ ಮಗಳು ಓದ್ತಾಳೆ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತೆ. ಆಮೇಲೆ ಅವನು ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ. ನಿನ್ನ ಬಾಯಿಂದ ಏನಾದ್ರೂ ಹೊರಬಿತ್ತೋ, ನೋಡ್ಕೋ ವರ್ನಾ" ಎಂದಳು. ಹೀಗೆ ಅವನ ಜೀವ ನಮ್ಮಿಬ್ಬರ ಬಾಯೊಳಗೆ ಉಳಿಯಿತು.

ಅಕ್ಟೋಬರಿನಲ್ಲಿ ಕೋರಾ ಕೇಳಿದಳು, "ಡೆಲ್ಬರ್ಟ್‌ಗೆ ಯಾಕೆ ಏಳೇ ದಿನದ್ದು?"

"ಲಾರಿ," ಎಂದಳು ಆರ್ಡಿಸ್.

"ಲಾರಿ ದಿನಾ ಬರುತ್ತಲ್ಲ?"

"ಕಣ್ಣಿದೆಯಲ್ಲ, ನೋಡು."

ಹುಡುಗಿ ನನ್ನ ಕಡೆ ತಿರುಗಿದಳು. "ನನ್ನ ಕೆಲಸ ಎಣಿಸೋದಮ್ಮ, ಹೇಳೋದಲ್ಲ" ಎಂದುಬಿಟ್ಟೆ.

ಏಪ್ರಿಲಿನಲ್ಲಿ ಆರ್ಡಿಸಳ ಮಂಡಿ ಕೈಕೊಟ್ಟಿತು. ಆಪರೇಷನ್ನಿಗೆ ನಗರದ ಆಸ್ಪತ್ರೆಗೆ ಹೊರಟಳು, ಮೂರು ವಾರ ಬರುವ ಹಾಗಿರಲಿಲ್ಲ. ಕೋರಾಳಿಗೆ ಬೀಗದ ಕೈ ಕೊಟ್ಟು, "ಇದ್ದದ್ದನ್ನ ಇದ್ದ ಹಾಗೆ ನಡೆಸ್ಕೊಂಡು ಹೋಗು" ಎಂದಳು. ನನ್ನನ್ನು ಹಿಂದಿನ ಕೋಣೆಗೆ ಕರೆದು, "ಡೆಲ್ಬರ್ಟ್ ನಿನ್ನ ಜವಾಬ್ದಾರಿ" ಎಂದಳು. "ಗೊತ್ತು ಬಿಡೇ, ಹೋಗಿ ಬಾ" ಎಂದೆ.

ಸೋಮವಾರ ಒಬ್ಬರ ಬಾಟಲಿಯಲ್ಲಿ ಮೂವತ್ತರ ಬದಲು ಇಪ್ಪತ್ತೆಂಟು ಮಾತ್ರೆ ಹೋಗಿತ್ತು. ಎಣಿಸಿದವಳು ನಾನು. ಯಾರಿಗೂ ಏನೂ ಆಗಲಿಲ್ಲ, ಅವರೇ ಬಂದು ಎರಡು ಇಸಿದುಕೊಂಡು ಹೋದರು. ಕೋರಾ ತಪ್ಪುಗಳನ್ನು ಬರೆದಿಡುವ ಪುಸ್ತಕ ತೆಗೆದು, ಗಿರಾಕಿ ಇನ್ನೂ ಕೌಂಟರಿನಲ್ಲಿ ನಿಂತಿರುವಾಗಲೇ, ನನ್ನ ಹೆಸರು ಬರೆದಳು. "ಕೋಪ ಮಾಡ್ಕೋಬೇಡಿ ವರ್ನಾ, ನಿಯಮ ಇರೋದೇ ಹಾಗೆ" ಎಂದಳು. ಅವಳು ಹೇಳಿದ್ದು ಸರಿಯೇ. ಆದರೆ ಮೂವತ್ನಾಲ್ಕು ವರ್ಷದಲ್ಲಿ ಆ ಪುಸ್ತಕದಲ್ಲಿ ನನ್ನ ಹೆಸರು ಬಂದಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ರಾತ್ರಿ ಊಟ ಸೇರಲಿಲ್ಲ.

ಮರುದಿನ ಮಂಗಳವಾರ. ಬೆಳಿಗ್ಗೆ ಕೋರಾ ಡೆಲ್ಬರ್ಟನ ಬಾಟಲಿಗಳನ್ನು ತುಂಬುತ್ತಿದ್ದಳು, ಏಳು ದಿನಕ್ಕಲ್ಲ. ನಾನು ನೋಡಿದೆ. ಡಾಕ್ಟರ ಚೀಟಿಯಲ್ಲಿ ಮೂರು ತಿಂಗಳಿಗೆ ಕೊಡಬಹುದು ಎಂದೇ ಇತ್ತು, ತಡೆಯಲು ಕಂಪ್ಯೂಟರಿನಲ್ಲಿ ಏನೂ ಇರಲಿಲ್ಲ. "ಅರವತ್ತನೆಯವರು ಸಿಕ್ಕಿದ್ರು" ಎಂದು ನನ್ನನ್ನು ನೋಡಿ ನಕ್ಕಳು. ಪಾಪ, ನಿನ್ನೆಯದನ್ನು ಮರೆಸಲು ನಕ್ಕಳೆಂದು ಈಗ ಅನ್ನಿಸುತ್ತದೆ. ನನ್ನ ಬಾಯಿಗೆ ಮಾತು ಬಂದಿತ್ತು. ಬಂದದ್ದನ್ನು ನುಂಗಿದೆ. ಮಾಡಲಿ, ಎಲ್ಲ ತಿಳಿದವಳಲ್ಲವೇ, ಆರ್ಡಿಸ್ ಬಂದು ನೀರಿಳಿಸಿದಾಗ ಗೊತ್ತಾಗುತ್ತದೆ ಎಂದುಕೊಂಡೆ. ಅಷ್ಟೇ ನನ್ನ ಯೋಚನೆ, ದೇವರಾಣೆ ಅದಕ್ಕಿಂತ ಹೆಚ್ಚಿನ ಕೇಡು ನನ್ನ ಮನಸ್ಸಿನಲ್ಲಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ನುಂಗಿದ ಮಾತಿಗೆ ಗಾದೆ ಕಟ್ಟಿದವರನ್ನು ನಾನು ಕಂಡಿಲ್ಲ.

ಹತ್ತು ಗಂಟೆ ಹತ್ತು ನಿಮಿಷಕ್ಕೆ ಗಂಟೆ ಬಾರಿಸಿತು.

"ಲಾರಿ ಬಂತಾ ಮಗು?"

"ಬಂತು ಡೆಲ್ಬರ್ಟ್. ಇನ್ಮೇಲೆ ನೀವು ವಾರ ವಾರ ಒದ್ದಾಡೋದು ಬೇಡ. ನೋಡಿ, ಮೂರು ತಿಂಗಳದ್ದು ಒಟ್ಟಿಗೇ ಕೊಟ್ಟಿದೀನಿ."

ಅವನು ಚೀಲವನ್ನು ತಕ್ಷಣ ಮುಟ್ಟಲಿಲ್ಲ. "ಮುಂದಿನ ಮಂಗಳವಾರ?"

"ಬರೋದೇ ಬೇಡ."

"ಅದರ ಮುಂದಿನ ವಾರ?"

"ಜುಲೈ ತನಕ ಆರಾಮಾಗಿರಿ. ಬರೋ ಅವಶ್ಯಕತೆನೇ ಇಲ್ಲ."

"ಓ," ಎಂದ. ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ನನ್ನ ಕಡೆ ನೋಡಿದ. ನಾನು ತಟ್ಟೆಯ ಮೇಲೆ ಬಗ್ಗಿ ಐದು, ಹತ್ತು, ಹದಿನೈದು ಎಂದು ಎಣಿಸುತ್ತಿದ್ದೆ. "ನಿಮಗೆಲ್ಲ ತೊಂದರೆ ಕೊಟ್ಟೆ ಇಷ್ಟು ದಿನ" ಎಂದು ಹೇಳಿ ಚೀಲ ಕಂಕುಳಲ್ಲಿಟ್ಟುಕೊಂಡು ಹೋದ. ಬಿ.ಪಿ. ಕುರ್ಚಿಯಲ್ಲಿ ಅವತ್ತು ಕೂರಲಿಲ್ಲ.

ಬುಧವಾರ ಏನೂ ಆಗಲಿಲ್ಲ. ಆರ್ಡಿಸಳಿಗೆ ಫೋನ್ ಮಾಡಬೇಕೆಂದು ಎರಡು ಸಲ ಕೈ ಹೋಯಿತು. ಆಪರೇಷನ್ ಆಗಿ ಮಲಗಿದವಳಿಗೆ ಯಾಕೆ ತಲೆನೋವು ಎಂದು ನನಗೆ ನಾನೇ ಹೇಳಿಕೊಂಡೆ. ಹೆದರಿಕೆಗೆ ನೆಪ ಹುಡುಕುವುದು ಬಹಳ ಸುಲಭ.

ಗುರುವಾರ ಸಂಜೆ ಮನೆಗೆ ಹೋದರೆ ಬಾಗಿಲ ಮುಂದೆ ನನ್ನ ಗಾಜಿನ ಪಾತ್ರೆ ಇತ್ತು. ಲವಾನ್ ಸತ್ತಾಗ ಕಳಿಸಿದ್ದು. ಫಳಫಳ ತೊಳೆದಿತ್ತು, ತಳದಲ್ಲಿ ನನ್ನ ಹೆಸರಿನ ಟೇಪು ಹಾಗೇ ಇತ್ತು. ನಮ್ಮಲ್ಲಿ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು, ಒಂದಾದರೂ ಬಿಸ್ಕತ್ತು ಹಾಕಬೇಕು. ಒಳಗೆ ಬಿಸ್ಕತ್ತಿರಲಿಲ್ಲ. ಲವಾನಳ ಕೈಬರಹದ ಒಂದು ಅಡುಗೆ ಚೀಟಿ ಇತ್ತು: ಅವಳ ಸೇಬಿನ ಪೈ ಮಾಡುವ ಬಗೆ. ಅದಕ್ಕಾಗಿ ನಾನು ಇಪ್ಪತ್ತು ವರ್ಷ ಅವಳ ಬೆನ್ನು ಬಿದ್ದಿದ್ದೆ, "ನಾನು ಸತ್ತಮೇಲೆ ತಗೋ" ಎಂದು ನಗುತ್ತಿದ್ದಳು. ಮೊದಲು ನನಗೆ ಖುಷಿಯೇ ಆಯಿತು, ಸುಳ್ಳೇಕೆ. ಚೀಟಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿದೆ. ಆಮೇಲೆ ಪಾತ್ರೆ ತೊಳೆಯುತ್ತಾ ನಿಂತವಳಿಗೆ ಮಂಗಳವಾರದ ಚೀಲ ನೆನಪಾಯಿತು. ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.

ಶುಕ್ರವಾರ ಹತ್ತೂವರೆಗೆ ಮೇವಿಸ್ ಬ್ರೆಕ್ ಅಂಗಡಿಗೆ ಬಂದಳು, ಚರ್ಚಿನ ಅಡುಗೆಮನೆ ನೋಡಿಕೊಳ್ಳುವವಳು. "ಡೆಲ್ಬರ್ಟ್ ನಿನ್ನೆ ಊರೆಲ್ಲ ಸುತ್ತಿದಾನೆ ಕಣೇ ವರ್ನಾ. ನನ್ನ ಪಾತ್ರೆನೂ ಬಂತು, ಪಕ್ಕದ ಮನೆದೂ ಬಂತು. ಎಲ್ಲದರಲ್ಲೂ ಲವಾನ್‌ದು ಒಂದೊಂದು ಚೀಟಿ. ಆ ಅಡುಗೆ ಚೀಟಿ ಡಬ್ಬಿನ ಅವಳು ಯಾರಿಗೂ ಮುಟ್ಟಿಸ್ತಿರಲಿಲ್ಲ. ನಾಯಿನೂ ತಂಗಿ ಮಗಳ ಮನೆಗೆ ಬಿಟ್ಟು ಬಂದನಂತೆ."

ಕೋರಾ ಕೌಂಟರಿನಿಂದ ಮುಖ ಅರಳಿಸಿದಳು. "ಒಳ್ಳೇ ಲಕ್ಷಣ ಅಲ್ವಾ? ಪಾಪ, ಈಗ ಚೇತರಿಸ್ಕೊಳ್ತಿದಾರೆ."

ಮೇವಿಸ್ ಬಾಗಿಲು ದಾಟುವವರೆಗೆ ನಾನು ತಡೆದುಕೊಂಡೆ. ಆಮೇಲೆ ಹೇಳಿದೆ. ಲವಾನ್ ಸತ್ತು ಮೂರು ವಾರಕ್ಕೆ ಅವನು ಕೇಳಿದ ಪ್ರಶ್ನೆ, ಏಳು ದಿನದ ಲೆಕ್ಕ, ಲಾರಿಯ ಸುಳ್ಳು, ಎಲ್ಲ ಹೇಳಿದೆ.

ಕೋರಾ ಕೈಯಲ್ಲಿದ್ದ ಬಾಟಲಿಯನ್ನು ಕೆಳಗಿಟ್ಟಳು. "ನಿಮಗೆ ಎಷ್ಟು ದಿನದಿಂದ ಗೊತ್ತಿತ್ತು?"

"ಹತ್ತು ತಿಂಗಳು."

"ಮಂಗಳವಾರ ನೀವು ಇಲ್ಲೇ ನಿಂತಿದ್ರಿ."

"ನಿಂತಿದ್ದೆ."

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಫೋನ್ ಎತ್ತಿ ಅವನ ಮನೆಗೆ ಮಾಡಿದಳು. ಹನ್ನೆರಡು ಸಲ ಹೊಡೆದುಕೊಂಡು ಸುಮ್ಮನಾಯಿತು. ಮತ್ತೆ ಮಾಡಿದಳು. ನಾನು ಪೊಲೀಸರಿಗೆ ಮಾಡಿದೆ. ಇರುವ ಒಬ್ಬನೇ ಅಧಿಕಾರಿ ಜಿಲ್ಲೆಯ ಆ ತುದಿಯಲ್ಲಿ ಅಪಘಾತವೊಂದರ ಹತ್ತಿರ ಇದ್ದಾನೆ, ಬರಲು ನಲವತ್ತು ನಿಮಿಷವಾಗುತ್ತದೆ ಎಂದರು. ಕೋರಾ ದೀಪ ಆರಿಸಿ ಬಾಗಿಲಿಗೆ ಬೀಗ ಹಾಕಿದಳು. ಕೆಲಸದ ದಿನ ಹಗಲು ಹೊತ್ತಿನಲ್ಲಿ ಆ ಬಾಗಿಲಿಗೆ ಬೀಗ ಬಿದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಐದು ಮೈಲಿ ಜಲ್ಲಿ ರಸ್ತೆ. ಹಿಮ ಕರಗಿ ಎಲ್ಲ ಕೆಸರು. ಎರಡೂ ಕಡೆ ಇನ್ನೂ ಬಿತ್ತದ ಕಪ್ಪು ಹೊಲ, ಒಂದು ಹಕ್ಕಿಯೂ ಇರಲಿಲ್ಲ. ಕೋರಾಳ ಸಣ್ಣ ಕಾರು ಎರಡು ಸಲ ಜಾರಿತು. "ಮಂಗಳವಾರ, ಬುಧವಾರ, ಗುರುವಾರ" ಎಂದು ಅವಳು ಬಾಯೊಳಗೇ ಎಣಿಸುತ್ತಿದ್ದಳು. ನಾನು ದೇವರಿಗೆ ಏನೇನೋ ಹರಕೆ ಹೊರುತ್ತಿದ್ದೆ. ನನ್ನಂಥವಳ ಮಾತು ಕೇಳುತ್ತಾನೋ ಇಲ್ಲವೋ ಎಂಬ ಭಯ ಬೇರೆ.

ಅವನ ಪಿಕಪ್ ಗಾಡಿ ಅಂಗಳದಲ್ಲಿತ್ತು. ನಾಯಿಯ ಗೂಡು ಖಾಲಿ. ಕಿಟಕಿಗಳ ಪರದೆ ಎಳೆದಿತ್ತು. ಅಡುಗೆಮನೆಯ ಬಾಗಿಲು ಬರೀ ಒರಗಿಸಿತ್ತು, ತಳ್ಳಿದರೆ ತೆರೆಯಿತು.

"ಡೆಲ್ಬರ್ಟ್?" ಎಂದಳು ಕೋರಾ.

ಉತ್ತರ ಬರಲಿಲ್ಲ. ಒಳಗೆ ಎಲ್ಲ ಗುಡಿಸಿ ಒರೆಸಿ ಇಟ್ಟಂತಿತ್ತು. ಸಿಂಕಿನಲ್ಲಿ ಒಂದು ಲೋಟವೂ ಇರಲಿಲ್ಲ. ಕೋರಾ ಮುಂದೆ ಹೋದಳು. ನನ್ನ ಕಾಲು ಹೊಸ್ತಿಲಲ್ಲೇ ನಿಂತುಬಿಟ್ಟಿತು. ನೋಡಬೇಕಾದದ್ದನ್ನು ಅವಳೇ ಮೊದಲು ನೋಡಲಿ ಎಂದು ನಿಂತೆ. ಅಲ್ಲಿಯೂ ನಾನು ಹೇಡಿಯೇ.

"ವರ್ನಾ, ಬನ್ನಿ," ಎಂದಳು ಒಳಗಿನಿಂದ.

ಊಟದ ಮೇಜಿನ ಮುಂದೆ ಅವನು ಕೂತಿದ್ದ. ಅವತ್ತು ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆ, ಆದರೂ ಭಾನುವಾರ ಚರ್ಚಿಗೆ ಹಾಕುವ ಬಿಳಿ ಅಂಗಿ ಹಾಕಿಕೊಂಡಿದ್ದ. ಮುಂದೆ ನಮ್ಮ ಅಂಗಡಿಯ ಬಾಟಲಿಗಳು ಸಾಲಾಗಿ ನಿಂತಿದ್ದವು, ಮುಚ್ಚಳ ತೆಗೆದಿರಲಿಲ್ಲ. ಅವುಗಳ ಪಕ್ಕ ಒಂದು ಗಾಜಿನ ಪಾತ್ರೆ, ಅದರೊಳಗೆ ಲವಾನಳ ಕೊನೆಯ ಚೀಟಿ.

"ಬಂದ್ರಾ," ಎಂದ. ಆಶ್ಚರ್ಯವೇನೂ ಪಡಲಿಲ್ಲ. "ಒಳ್ಳೇದಾಯ್ತು. ವರ್ನಾ, ಈ ಪಾತ್ರೆ ಯಾರದು ನೋಡಿ ಹೇಳಿ. ಟೇಪು ನೀರಲ್ಲಿ ನೆನೆದು ಹೆಸರೆಲ್ಲ ಅಳಿಸಿಹೋಗಿದೆ. ನಿನ್ನೆ ಸಂಜೆಯಿಂದ ಇದೊಂದೇ ಉಳ್ಕೊಂಡಿದೆ. ಯಾರದು ಅಂತ ತಲೆ ಕೆರ್ಕೊಂಡು ಕೂತಿದೀನಿ. ಬೇರೆಯವರ ಪಾತ್ರೆ ಮನೇಲಿಟ್ಕೊಂಡು ಹೋಗೋದು ಸರಿಯಲ್ಲ."

"ಎಲ್ಲಿಗೆ ಹೋಗೋದು?" ಎಂದಳು ಕೋರಾ.

ಅವನು ಪಾತ್ರೆಯ ಅಂಚನ್ನು ಬೆರಳಿನಿಂದ ಸವರಿದ.

ಕೋರಾ ಕುರ್ಚಿ ಎಳೆದು ಅವನ ಮಂಡಿಗೆ ಮಂಡಿ ತಗಲುವ ಹಾಗೆ ಕೂತಳು. "ಡೆಲ್ಬರ್ಟ್, ಸುತ್ತಿ ಬಳಸಿ ಕೇಳಲ್ಲ. ಸಾಯ್ಬೇಕು ಅಂತ ಇದೀರಾ?"

ಹತ್ತು ತಿಂಗಳು ಆರ್ಡಿಸ್ ಆಗಲಿ ನಾನಾಗಲಿ ಬಾಯಿಬಿಟ್ಟು ಕೇಳದ ಮಾತು ಅದು.

"ಹೌದು ಮಗು," ಎಂದ ಅವನು, ಯಾರೋ ತನ್ನ ತಲೆಯ ಭಾರ ಇಳಿಸಿದ ಹಾಗೆ.

ಆಮೇಲೆ ತಾನಾಗಿಯೇ ಮಾತಾಡಿದ. "ಲಾರಿ ಸುಳ್ಳು ಅಂತ ನಂಗೆ ಮೊದಲನೇ ವಾರದಿಂದಲೇ ಗೊತ್ತು. ಅದು ದಿನಾ ಬೆಳಿಗ್ಗೆ ಆರೂವರೆಗೆ ನಮ್ಮನೆ ಮುಂದೇನೇ ಹೋಗುತ್ತೆ, ಡ್ರೈವರ್ ಕೈ ಬೀಸ್ತಾನೆ. ಆರ್ಡಿಸ್‌ಗೆ ಸುಳ್ಳು ಹೇಳೋಕೂ ಬರಲ್ಲ, ಕಿವಿ ಕೆಂಪಾಗುತ್ತೆ. ನಾನು ಮಂಗಳವಾರ ಬರೋದು ಯಾರಿಗೋ ಬೇಕಾಗಿದೆ ಅಂದ್ಕೊಂಡು ಬರ್ತಿದ್ದೆ. ಬಸ್ಸು ಓಡಿಸಿದೋನಿಗೆ ಕಾಯೋರು ಒಬ್ಬರಿದ್ರೂ ಸಾಕು, ಹೋಗ್ಲೇಬೇಕು. ಮೊನ್ನೆ ನೀನು ಬರೋದು ಬೇಡ ಅಂದೆ. ಸರಿ, ಇಳಿಯೋರು ಎಲ್ಲಾ ಇಳಿದ್ರು ಅಂದ್ಕೊಂಡೆ."

ಕೋರಾಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ನಾನು ತಪ್ಪು ಮಾಡ್ದೆ. ಗೊತ್ತಿಲ್ದೆ ಮಾಡ್ದೆ, ಆದ್ರೂ ತಪ್ಪೇ. ನಂಗೆ ನೀವು ಮಂಗಳವಾರ ಬರೋದು ಬೇಕು. ಲಾರಿ ಬರ್ಲಿ, ಬಿಡ್ಲಿ."

ಅವನು ಮತ್ತೆ ಪಾತ್ರೆಯ ಕಡೆ ನೋಡಿದ. "ಇದು ಯಾರದು ಅಂತ ಗೊತ್ತಾದ್ರೆ ಸಾಕಿತ್ತು," ಎಂದ.

ನನಗೆ ಗೊತ್ತಿತ್ತು. ನೀಲಿ ಹೂವಿನ ಅಂಚು, ಒಂದು ಹಿಡಿಯಲ್ಲಿ ಚೂರು ಒಡೆದದ್ದು. ಅಂಗಡಿಯ ಕ್ರಿಸ್‌ಮಸ್ ಊಟಕ್ಕೆ ಮೂವತ್ಮೂರು ಸಲ ಆ ಪಾತ್ರೆಯಿಂದಲೇ ಬಡಿಸಿಕೊಂಡಿದ್ದೆ. ಅದು ಆರ್ಡಿಸಳದ್ದು. ಕೋರಾ ನನ್ನ ಮುಖ ನೋಡಿದಳು, ನನಗೆ ಗೊತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಮೇಜಿನ ಕೆಳಗೆ ನನ್ನ ಮಣಿಕಟ್ಟನ್ನು ಹಿಡಿದು ಒತ್ತಿದಳು, ಉಗುರು ಊರುವ ಹಾಗೆ.

"ಯಾರದು ವರ್ನಾ?" ಎಂದಳು.

"ಗೊತ್ತಿಲ್ಲ," ಎಂದೆ. "ಈ ಪಾತ್ರೆ ನಾನು ನೋಡೇ ಇಲ್ಲ."

"ಹಾಗಾದ್ರೆ ಅಂಗಡಿಗೆ ತಗೊಂಡ್ಬನ್ನಿ ಡೆಲ್ಬರ್ಟ್," ಎಂದಳು ಕೋರಾ. "ಮಂಗಳವಾರ. ಬಂದುಹೋಗೋರನ್ನೆಲ್ಲ ಕೇಳೋಣ. ಯಾರದು ಅಂತ ಗೊತ್ತಾಗೋ ತನಕ ಪ್ರತಿ ಮಂಗಳವಾರ ತರ್ಬೇಕು." ಹೇಳುತ್ತಲೇ ಒಂದೊಂದು ಬಾಟಲಿಯನ್ನೂ ತೆಗೆದು ಬಿಳಿ ಕೋಟಿನ ಜೇಬಿಗೆ ಹಾಕಿಕೊಂಡಳು. ಅವನು ತಡೆಯಲಿಲ್ಲ.

ಪೊಲೀಸ್ ಅಧಿಕಾರಿ ಬಂದ. ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಹಿಂದಿನ ಸೀಟಿನಲ್ಲಿ ಡೆಲ್ಬರ್ಟನ ಪಕ್ಕ ಕೋರಾ ಕೂತಳು. ತಂಗಿಯ ಮಗಳು ಅಳುತ್ತಾ ಬಂದಳು, ಯಾರಿಗೂ ಏನೂ ಹೇಳಲಿಲ್ಲ, ಅವಳ ಬಗ್ಗೆ ನಾವು ತಿಳಿದದ್ದೂ ತಪ್ಪೇ ಆಗಿತ್ತು. ನಾಲ್ಕು ವಾರ ಅವನನ್ನು ಅಲ್ಲೇ ಇಟ್ಟುಕೊಂಡರು. ಕೋರಾ ತಪ್ಪುಗಳ ಪುಸ್ತಕದಲ್ಲಿ ತನ್ನ ಹೆಸರು ಬರೆದಳು, ವಿಶ್ವವಿದ್ಯಾಲಯಕ್ಕೂ ತಿಳಿಸಿದಳು. ಕೆಳಗೆ ನನ್ನ ಹೆಸರನ್ನು ನಾನೇ ಬರೆದೆ. ಪ್ರಾಜೆಕ್ಟ್ ಒಪ್ಪಿಸುವಾಗ ಐವತ್ತೊಂಬತ್ತು ಜನ ಎಂದಳಂತೆ, ಅರವತ್ತನೆಯವನು ಯಾಕಿಲ್ಲ ಎಂಬುದನ್ನೂ ಹೇಳಿದಳಂತೆ, ಹೆಸರು ಬಿಟ್ಟು.

ಆರ್ಡಿಸ್ ಕೋಲೂರಿಕೊಂಡು ಬಂದಾಗ ಎಲ್ಲ ಹೇಳಿದೆ. "ನಿನ್ನ ಜವಾಬ್ದಾರಿ ಅಂದಿದ್ದೆ" ಎಂದಳು, ಅಷ್ಟೇ. ಒಂದು ವಾರ ನನ್ನ ಜತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಕೋರಾ ಮಾತ್ರ ಅವಳ ಮುಂದೆ ನಿಂತು, "ನೀವು ನಂಗೆ ಹೇಳ್ಬೇಕಿತ್ತು. ಬಚ್ಚಿಟ್ಟು ಕಲಿಸೋ ಪಾಠ ಯಾರ ಕುತ್ತಿಗೆಗೆ ಬರುತ್ತೆ ನೋಡಿದ್ರಲ್ಲ" ಎಂದಳು. ಆರ್ಡಿಸ್ ಕೋಲನ್ನು ಕೌಂಟರಿಗೆ ಒರಗಿಸಿ, "ಹೌದು" ಎಂದಳು. ಅವಳ ಬಾಯಿಂದ ನೆಟ್ಟಗಿನ ಉತ್ತರ ಬಂದದ್ದನ್ನು ನಾನು ಕೇಳಿದ್ದು ಅವತ್ತೇ.

ಅವನು ಮನೆಗೆ ಬಂದ ಮೇಲಿನ ಮೊದಲ ಮಂಗಳವಾರ ನಾವು ಮೂವರೂ ಕೆಲಸ ಬಿಟ್ಟು ಬಾಗಿಲು ನೋಡುತ್ತಿದ್ದೆವು. ಹತ್ತು ಗಂಟೆ ಹತ್ತು ನಿಮಿಷವಾಯಿತು. ಗಂಟೆ ಬಾರಿಸಲಿಲ್ಲ. ಹನ್ನೊಂದು ನಿಮಿಷವಾಯಿತು, ಹನ್ನೆರಡು ನಿಮಿಷವಾಯಿತು. ಕೋರಾ ಕಾರಿನ ಬೀಗದ ಕೈ ತೆಗೆದುಕೊಂಡಳು. ಹದಿನಾಲ್ಕನೇ ನಿಮಿಷಕ್ಕೆ ಗಂಟೆ ಬಾರಿಸಿತು. ಅವನು ಟವೆಲಿನಲ್ಲಿ ಸುತ್ತಿದ ಪಾತ್ರೆಯನ್ನು ಕೌಂಟರಿನ ಮೇಲಿಟ್ಟ.

"ಯಾರಾದ್ರೂ ಕೇಳಿದ್ರಾ?"

ಆರ್ಡಿಸ್ ಪಾತ್ರೆ ಎತ್ತಿದಳು. ತನ್ನ ತಾಯಿಯಿಂದ ಬಂದ ಪಾತ್ರೆ. ತಳ ನೋಡಿದಳು, ಒಡೆದ ಹಿಡಿಯ ಮೇಲೆ ಹೆಬ್ಬೆರಳು ಆಡಿಸಿದಳು, ಕೆಳಗಿಟ್ಟಳು. "ಈ ಊರಲ್ಲಿ ಇಂಥ ಪಾತ್ರೆ ನಾನು ಕಂಡಿಲ್ಲ ಡೆಲ್ಬರ್ಟ್. ಮುಂದಿನ ವಾರ ತಗೊಂಡ್ಬಾ, ವಿಚಾರಿಸಿರ್ತೀನಿ." ಅವಳ ಕಿವಿ ಕೆಂಪಾಗಿತ್ತು. ಅವನು ಅದನ್ನೇ ನೋಡುತ್ತಾ ನಿಂತಿದ್ದ. ಆಮೇಲೆ ಬಿ.ಪಿ. ಕುರ್ಚಿಯಲ್ಲಿ ಹೋಗಿ ಕೂತ.

ಜೂನ್ ಮೂವತ್ತಕ್ಕೆ ಕೋರಾ ಹೋಗಲಿಲ್ಲ, ಅದಕ್ಕೇ ಆ ಮೊಳೆ ಖಾಲಿ. ಹೋದವರ ಫೋಟೋ ಮಾತ್ರ ಹಾಕುವುದು. ಆರು ವರ್ಷವಾಯಿತು. ಆರ್ಡಿಸ್ ಈಗ ಮನೆಯಲ್ಲಿದ್ದಾಳೆ, ಅಂಗಡಿ ಕೋರಾ ನೋಡಿಕೊಳ್ಳುತ್ತಾಳೆ, ಅವಳ ಕೈಕೆಳಗೂ ರೆಸಿಡೆಂಟುಗಳು ಬರುತ್ತಾರೆ, ಅವರ ಫೋಟೋಗಳಿಗೆ ಎದುರಿನ ಗೋಡೆ. ಕೊನೆಯ ವಾರದ ಆ ಪ್ರಶ್ನೆಯನ್ನು ಅವಳು ಕೇಳುವುದಿಲ್ಲ. ಮೊದಲ ದಿನವೇ ಹೊಸಬರನ್ನು ಕುರ್ಚಿಯಲ್ಲಿ ಕೂರಿಸಿ ಉತ್ತರ ಹೇಳಿಬಿಡುತ್ತಾಳೆ. ಆಮೇಲೆ ನನ್ನ ಕಡೆ ತಿರುಗಿ, "ನಾನೇನಾದ್ರೂ ಬಿಟ್ಟಿದ್ರೆ ವರ್ನಾ ಹೇಳ್ತಾರೆ" ಎನ್ನುತ್ತಾಳೆ. ನಾನು ಹೇಳುತ್ತೇನೆ.

ಡೆಲ್ಬರ್ಟನಿಗೆ ಈಗ ಎಂಬತ್ತು. ಡಾಕ್ಟರ ಹತ್ತಿರ ಹೋಗುತ್ತಾನೆ, ನಾಯಿಯೂ ಮನೆಗೆ ಬಂದಿದೆ. ಕೆಲವು ವಾರ ನಗುತ್ತಾನೆ, ಕೆಲವು ವಾರ ಅವನ ಮುಖ ನೋಡಿದರೆ ನನಗೆ ಆ ಬಿಳಿ ಅಂಗಿ ನೆನಪಾಗುತ್ತದೆ. ಪಾತ್ರೆಯನ್ನು ಮಾತ್ರ ತಪ್ಪದೆ ತರುತ್ತಾನೆ.

ಇವತ್ತು ಮಂಗಳವಾರ. ಹತ್ತು ಗಂಟೆ ಒಂಬತ್ತು ನಿಮಿಷವಾಗಿದೆ. ತಟ್ಟೆಯ ಮೇಲೆ ಮಾತ್ರೆ ಹಾಗೇ ಬಿಟ್ಟು ಬಾಗಿಲು ನೋಡುತ್ತಿದ್ದೇನೆ.